ಉಲ್ಟಾ ಕಲ್ಲು

ಕಲ್ಲುಕುಟಿಗ ಚಿತ್ತಪ್ಪ ಬೀಸುವ ಕಲ್ಲಿನ ಮೇಲ್ಗಲ್ಲನ್ನು ಎತ್ತಿ ಗೋಡೆಗೆ ಒರಗಿಸಿ, ಉಳಿ ಸುತ್ತಿಗೆ ಕೈಗೆ ತೆಗೆದುಕೊಂಡವನು ಹಾಗೇ ಕೂತುಬಿಟ್ಟ.

“ಇನ್ನೊಂದ್ಸಾರಿ ಕೇಳ್ತೀನಿ ಭೀಮಕ್ಕ. ಗೆರೆ ದಿಕ್ಕು ತಿದ್ದಿಬಿಡ್ಲಾ? ಮೀಸೆ ಬಂದಾಗಿಂದ ಈ ಕಲ್ಲಿಗೆ ಉಳಿ ಹೊಡಿತಿದೀನಿ. ನಿಮ್ಮತ್ತೆ ಒಂದು ಸಾರಿನೂ ತಿದ್ದಾಕೆ ಬಿಡ್ಲಿಲ್ಲ. ಈಗ ಮೇಲಿಂದ ನೋಡಿ ಬೈದಾರು.”

“ಇದ್ದಾಗ್ಲೇ ಬೈದೋರಲ್ಲ, ಹೋದ ಮೇಲೆ ಬೈತಾರಾ? ತಿದ್ದಪ್ಪ ನೀನು,” ಎಂದಳು ಭೀಮಕ್ಕ. “ನಾಡಿದ್ದು ಸೊಸೆ ಮನೆ ತುಂಬ್ತಾಳೆ. ನಾನು ಅತ್ತಂಗೆ ಆ ಹುಡುಗಿ ಅಳಬಾರ್ದು.”

ಸೂಳೆಕೆರೆಯ ನೀರು ಉಣ್ಣುವ ಆ ಊರಿನಲ್ಲಿ ಎಲ್ಲರ ಮನೆಯ ಕಲ್ಲೂ ಬಲಕ್ಕೆ ತಿರುಗುತ್ತಿತ್ತು; ಭೀಮಕ್ಕನ ಅತ್ತೆ ಗಾದ್ರಮ್ಮನ ಮನೆಯದೊಂದು ಮಾತ್ರ ಎಡಕ್ಕೆ. ಗಂಡ ತೀರಿಕೊಂಡ ಮೇಲೆ ಜಗಳೂರು ಸೀಮೆಯ ಸೊಕ್ಕೆಯಿಂದ, ಯಾರದೋ ಗಾಡಿಯ ಹಿಂದೆ ನಡೆದು, ಕೂಲಿ ಹುಡುಕಿಕೊಂಡು ಬಂದ ಹೆಂಗಸು ಅವಳು. ಕಂಕುಳಲ್ಲಿ ಮಗ ಹಾಲೇಶಿ, ತಲೆಯ ಮೇಲೆ ಬೀಸುವ ಕಲ್ಲು. ಕಲ್ಲೆಂದರೆ ಮೇಲಿನದೊಂದೇ. ಎರಡನ್ನೂ ಹೊರಲು ಅವಳೇನು ಎತ್ತೇ? ಇಲ್ಲಿಗೆ ಬಂದ ಮೇಲೆ ಕೆರೆಯ ಏರಿ ಪಕ್ಕ ಯಾರೋ ಎಸೆದಿದ್ದ ಒಂಟಿ ಕೆಳಗಲ್ಲೊಂದನ್ನು ಉರುಳಿಸಿಕೊಂಡು ತಂದು ಜೋಡಿ ಮಾಡಿದಳು. ಸೊಕ್ಕೆಯ ಕಲ್ಲಿನ ಗೆರೆಗಳು ಒಂದು ಕಡೆಗೆ ವಾಲಿದ್ದರೆ ಇಲ್ಲಿಯದರವು ಇನ್ನೊಂದು ಕಡೆಗೆ. ಬಲಕ್ಕೆ ತಿರುಗಿಸಿದರೆ ಬರೀ ನುಚ್ಚು, ಎಡಕ್ಕೆ ತಿರುಗಿಸಿದರೆ ನುಣ್ಣನೆಯ ಹಿಟ್ಟು. ಸರಿ, ಎಡಕ್ಕೇ ತಿರುಗಿಸಿದಳು. ಬೆಳಗಿನ ಜಾವ ಊರವರ ಜೋಳ ಬೀಸಿ, ಹಗಲೆಲ್ಲ ಗದ್ದೆಯಲ್ಲಿ ನಾಟಿಗೆ ಬಗ್ಗಿ ಮಗನನ್ನು ಸಾಕಿದಳು.

ಭೀಮಕ್ಕ ಹುಟ್ಟಿದ್ದು ಅದೇ ಬೀದಿಯಲ್ಲಿ, ಮೂರು ಮನೆ ಆಚೆ. ಸೊಕ್ಕೆ ಯಾವ ದಿಕ್ಕಿಗಿದೆ ಎಂದು ಕೂಡ ಅವಳಿಗೆ ತಿಳಿಯದು. ಲಂಗ ಉಟ್ಟು ತಿರುಗುವ ಕಾಲಕ್ಕೆ “ಉಲ್ಟಾ ಕಲ್ಲಿನೋರು” ಎಂದು ಕೂಗಿ ಓಡುತ್ತಿದ್ದ ಹುಡುಗಿಯರಲ್ಲಿ ಅವಳೇ ಮುಂದು. ಹಣೆಬರಹ ನೋಡಿ, ಹಾಲೇಶಿಯ ಕೈ ಹಿಡಿದು ಅದೇ ಮನೆಗೆ ಸೊಸೆಯಾಗಿ ಬಂದಳು. ಮೊದಲ ದಿನ ಕಲ್ಲಿನ ಮುಂದೆ ಕೂತು, ತೋಳು ಸೋತು, ಗೊಳೋ ಎಂದು ಅತ್ತಳು. ಗಾದ್ರಮ್ಮ ಗದರಲಿಲ್ಲ. ಗೂಟದ ಮೇಲಿದ್ದ ಸೊಸೆಯ ಕೈ ಮೇಲೆ ತನ್ನ ಕೈ ಇಟ್ಟು, “ನಾನೂ ಮೊದ್ಲು ಅತ್ತಿದ್ದೆ ಕಣವ್ವ. ಕೈಗೆ ಒಂದೀಟು ಪುರುಸೊತ್ತು ಕೊಡು, ತಾನೇ ಕಲೀತೈತೆ,” ಎಂದು ನಿಧಾನಕ್ಕೆ ತಿರುಗಿಸಿದಳು.

ಆಮೇಲೆ ಮೊಮ್ಮಕ್ಕಳಾದವು. ಬಾಣಂತಿಗೆ ಕಲ್ಲು ಮುಟ್ಟಲು ಬಿಡದೆ, ಬಲಗಾಲು ಚಾಚಿ ಅದರ ಮೇಲೆ ಕೂಸನ್ನು ಮಲಗಿಸಿಕೊಂಡು ಗಾದ್ರಮ್ಮನೇ ಬೀಸುತ್ತಿದ್ದಳು. ಎಲ್ಲ ಮೊಮ್ಮಕ್ಕಳೂ ಆ ಕಾಲಿನ ಮೇಲೆ, ಆ ಗರಗರ ಸದ್ದಿಗೆ ನಿದ್ದೆ ಮಾಡಿ ಬೆಳೆದವು. ಇಷ್ಟೆಲ್ಲ ಮಾಡಿಸಿಕೊಂಡೂ ಭೀಮಕ್ಕ, ಬಾವಿಕಟ್ಟೆಯಲ್ಲಿ ಯಾರಾದರೂ ಕೆಣಕಿದರೆ ಥಟ್ಟನೆ ಹೇಳುತ್ತಿದ್ದಳು: “ಉಲ್ಟಾ ಅವ್ರು, ಸೊಕ್ಕೆಯೋರು. ನಾನು ಈ ಊರಿನ ಮಗಳು.” ಆ ಮಾತು ಕಿವಿಗೆ ಬಿದ್ದರೂ ಗಾದ್ರಮ್ಮ ನಕ್ಕುಬಿಡುತ್ತಿದ್ದಳು.

ಚಿತ್ತಪ್ಪ ಮಧ್ಯಾಹ್ನದ ತನಕ ಟಕಟಕ ಹೊಡೆದ. “ನಾಲ್ಕು ಜನರ ಮನೆ ಕಲ್ಲಿನಂಗಾತು ನೋಡು,” ಎಂದು ಹೇಳಿ, ಕೂಲಿಗೆ ಜೋಳ ಕಟ್ಟಿಸಿಕೊಂಡು ಹೋದ.

ಸೊಸೆ ಸಾವಂತ್ರಿ ಚನ್ನಗಿರಿಯ ಹುಡುಗಿ. ಮಹಾಯುದ್ಧದ ದೆಸೆಯಿಂದ ಎಂಜಿನ್ನಿಗೆ ಎಣ್ಣೆ ಸಿಗದೆ ಅಲ್ಲಿಯ ಹಿಟ್ಟಿನ ಗಿರಣಿ ಬಾಗಿಲು ಹಾಕಿತ್ತಾದ್ದರಿಂದ, ಪೇಟೆಯ ಹುಡುಗಿಯಾದರೂ ಬೀಸುವುದರಲ್ಲಿ ಕೈ ಪಳಗಿತ್ತು. ಮನೆ ತುಂಬಿದ ಮಾರನೆಯ ಬೆಳಿಗ್ಗೆ ಅತ್ತೆ ಸೊಸೆ ಎದುರುಬದುರು ಕೂತರು. ಸಾವಂತ್ರಿ ಒಂದು ಹಿಡಿ ಜೋಳ ಸುರಿದು ಗೂಟ ಹಿಡಿದಳು, ಭೀಮಕ್ಕನೂ ಹಿಡಿದಳು. ಕಲ್ಲು ಕದಲಲಿಲ್ಲ. ಇಬ್ಬರೂ ಇನ್ನಷ್ಟು ಜೋರಾಗಿ ಎಳೆದರು. ಸೊಸೆ ಎಳೆಯುತ್ತಿದ್ದುದು ಬಲಕ್ಕೆ, ಅತ್ತೆ ಎಡಕ್ಕೆ.

“ನಾನೇನಾರ ತಪ್ಪು ಮಾಡಿದ್ನಾ ಅತ್ತೆಮ್ಮ?” ಸಾವಂತ್ರಿ ಗಾಬರಿಯಿಂದ ಕೇಳಿದಳು.

“ನಿಂದಲ್ಲ ಬಿಡವ್ವ. ಕೈ ತೆಗಿ, ನಾನೊಂದೀಟು ನೋಡ್ತೀನಿ.”

ಭೀಮಕ್ಕ ಮನಸ್ಸು ಗಟ್ಟಿ ಮಾಡಿ ಬಲಕ್ಕೆ ಎರಡು ಸುತ್ತು ತಿರುಗಿಸಿದಳು. ಮೂರನೆಯ ಸುತ್ತಿಗೆ ಗಮನ ಅತ್ತಿತ್ತ ಹೋಯಿತೋ ಇಲ್ಲವೋ, ಕೈ ಎಡಕ್ಕೆ ಹೊರಳಿತು. ಬಲಗಾಲು ತಾನಾಗಿಯೇ ಚಾಚಿಕೊಂಡಿತು. ಸರಿಪಡಿಸಿದ ಕಲ್ಲಿನಿಂದ ನುಚ್ಚು ಉದುರತೊಡಗಿತು. ಕಲ್ಲಿಗೇನೋ ಚಿತ್ತಪ್ಪ ಉಳಿ ಹೊಡೆದ, ಕೈಗೆ ಹೊಡೆಯುವವರು ಯಾರು? ಭೀಮಕ್ಕನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಗಾದ್ರಮ್ಮನ ಕೈ ಇನ್ನೂ ತನ್ನ ಕೈ ಮೇಲೆ ಇದೆ ಎನಿಸಿತು. ಆಕೆ ತೀರಿಕೊಂಡ ಮೇಲೆ ಈ ಒಂದು ವರ್ಷದಲ್ಲಿ ಇಷ್ಟು ಹಿತವಾದದ್ದು ಅವಳಿಗೆ ಬೇರೆ ಏನೂ ಅನ್ನಿಸಿರಲಿಲ್ಲ.

ಅತ್ತೆ ನಕ್ಕಿದ್ದು ಕಂಡು ಸಾವಂತ್ರಿಗೂ ಧೈರ್ಯ ಬಂತು. “ನಮ್ ಕಡೆ ಹಿಂಗೆ ಯಾರೂ ತಿರುಗ್ಸಲ್ಲ. ನಿಮ್ ತವರು ಯಾವೂರು ಅತ್ತೆಮ್ಮ?”

ಮೂರು ಮನೆ ಆಚೆ ಭೀಮಕ್ಕನ ತಮ್ಮ ದನಗಳಿಗೆ ಹುಲ್ಲು ಹಾಕುತ್ತಾ ಕೆಮ್ಮುತ್ತಿದ್ದುದು ಇಲ್ಲಿಯವರೆಗೂ ಕೇಳುತ್ತಿತ್ತು.

“ಸೊಕ್ಕೆ ಕಣವ್ವ,” ಎಂದಳು ಭೀಮಕ್ಕ.