ಹೊನ್ನವ್ವನ ಕೌದಿ

ಮುದುಕರ ತಲೆಗೆ ಕಿವಿಗೊಟ್ಟು ಕೇಳುವ ಒಂದು ಊರಿತ್ತಂತೆ. ಅಲ್ಲಿ ಬೆಳಗಾದರೆ ನರ್ಸ್ ಕಲಾವತಿ ಮನೆಮನೆಗೆ ಬಂದು, ಮುದುಕರ ಕಣತಲೆಗೆ ತಣ್ಣನೆಯ ಜೆಲ್ ಹಚ್ಚಿ, ಕೈಮಿಷನ್ ಒತ್ತಿ ಮಿದುಳಿನ ರಕ್ತನಾಳಗಳ ಸದ್ದು ಕೇಳುತ್ತಿದ್ದಳು. ಲಕ್ವ ಹೊಡೆಯುವ ಸೂಚನೆ ಇದ್ದವರ ಕೈಗೆ ಕೆಂಪು ದಾರ. ಅಂಥವರು ಹೂ ಕಟ್ಟಬಹುದು, ಅವರೆ ಸುಲಿಯಬಹುದು. ನಡುವೆ ಕೈ ಬಿದ್ದು ಅರ್ಧಕ್ಕೆ ನಿಂತೀತೆಂದು, ಸಂಜೆಯೊಳಗೆ ಮುಗಿಯದ ಕೆಲಸ ಹಿಡಿಯುವಂತಿಲ್ಲ. ಅರ್ಧ ಮಾಡಿದ್ದು ಸಿಕ್ಕರೆ ಜಪ್ತಿ.

ಕೆಂಪು ದಾರದ ಹೊನ್ನವ್ವ ಮಾತ್ರ, ಬಸುರಿ ಮೊಮ್ಮಗಳು ಸಾವಂತ್ರಿಗೆ ಮಾತು ಕೊಟ್ಟಂತೆ, ಹುಟ್ಟುವ ಕೂಸಿಗೆಂದು ಕದ್ದು ಕೌದಿ ಹೊಲಿಯುತ್ತಿದ್ದಳು. ಇನ್ನೊಂದೇ ತುಂಡು ಉಳಿದಿದ್ದಾಗ ಕಲಾವತಿ ಕಂಡುಬಿಟ್ಟಳು.

“ಕೊಡ್ರಿ ಅಜ್ಜಿ. ನಿಮ್ಮ ನರಾ ಇವತ್ತ ಇನ್ನೂ ಬಿಗದಾವು. ಮಿಷನ್ ಚೀರಾಕತ್ತೈತಿ.”

“ಚೀರಲಿ. ಅದಕ್ಕ ಸೂಜಿ ಹಿಡಿಯಾಕ ಬರ್ತೈತೇನು?”

“ನಡುವ ನಿಮ್ಮ ಕೈ ಬಿದ್ರ?”

“ಉಳಿದದ್ದು ಸಾವಂತ್ರಿ ಹೊಲೀತಾಳ. ಮತ್ತ ಮೊಮ್ಮಕ್ಕಳು ಯಾತಕ್ಕ ಇರೋದು?”

ಕಲಾವತಿ ಕೌದಿಯ ಅಂಚು ಹಿಡಿದು ಎಳೆದಳು. ಹೊನ್ನವ್ವ ಅದರ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಳು.

“ಎಳಿ ತಂಗಿ. ಎಳಿಯೋವಾಗ ನನಗ ಲಕ್ವ ಹೊಡದ್ರ, ಕೆಟ್ಟ ಹೆಸರು ನಿಂದ.”

ಕಲಾವತಿಯ ಕೈ ಸಡಿಲಾಯಿತು.

ಹೊನ್ನವ್ವ ಕೌದಿಯ ಮೂಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಹಸಿದ ಕೌದಿಯನ್ನು ಕೂಸಿಗೆ ಹೊದಿಸಬಾರದೆಂಬ ಹಿರಿಯರ ವಾಡಿಕೆಯಂತೆ ಕೊನೆಯ ತುಂಡಿನೊಳಗೆ ಚೂರು ರೊಟ್ಟಿ ಇಟ್ಟು ಹೊಲಿಯತೊಡಗಿದಳು. ಸೂಜಿ ಬೆರಳಿಗೆ ಚುಚ್ಚಿತು. ಅವಳು ನಿಲ್ಲಿಸಲಿಲ್ಲ.

“ಸಾಕ ಮಾಡ್ರಿ ಅಜ್ಜಿ,” ಎಂದಳು ಕಲಾವತಿ, ಈಗ ಮೆಲ್ಲಗೆ.

“ಮುಗಿಸೇ ಸಾಕ ಮಾಡ್ತೀನಿ.”

ಹೊನ್ನವ್ವ ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.