ಮಡಿಲಿನ ಪೆಟ್ಟಿಗೆ

“ಆ ಪೆಟ್ಟಿಗೆ ಸ್ವಲ್ಪ ಮೇಲಿಡ್ತೀರಾ?” ವಿಲ್ಫ್ರೀಡ್ ಮತ್ತೆ ಕೇಳಿದ.

“ಇಲ್ಲ ಸಾರ್. ಇದನ್ನ ಕೈ ಬಿಡೋ ಹಾಗಿಲ್ಲ.”

“ಅಂಥಾದ್ದೇನಿದೆ ಅದರಲ್ಲಿ?”

“ಹೇಳೋ ಹಾಗೂ ಇಲ್ಲ, ಅದೇ ನಿಯಮ.”

ಎದುರು ಸೀಟಿನ ಗಡ್ಡದವನು ಕೊಲೋನ್ ನಿಲ್ದಾಣದಲ್ಲಿ ರೈಲು ಹತ್ತಿದಾಗಿನಿಂದ ಆ ನೀಲಿ ಪೆಟ್ಟಿಗೆಯನ್ನು ಹಸುಗೂಸಿನಂತೆ ಮಡಿಲಲ್ಲಿ ತಬ್ಬಿಕೊಂಡಿದ್ದ. ಕಾಫಿ ಬೇಡವೆಂದ. ಶೌಚಕ್ಕೂ ಅದನ್ನು ಹೊತ್ತುಕೊಂಡೇ ಹೋದ. ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. ರೈಲುಗಳಿಗೆ ಬಾಂಬ್ ಬೆದರಿಕೆ ಬಂದು ಇನ್ನೂ ವಾರವಾಗಿರಲಿಲ್ಲ. ವಿಲ್ಫ್ರೀಡ್ ಪೆಟ್ಟಿಗೆಯಿಂದ ದೂರಕ್ಕೆ ಕಾಲೆಳೆದುಕೊಂಡ.

ಅವನು ಇವತ್ತು ಸಾಯುವಂತಿರಲಿಲ್ಲ, ತಡಮಾಡುವಂತೆಯೂ ಇರಲಿಲ್ಲ. ಎರಡೇ ಗಂಟೆಯಲ್ಲಿ ದೇಶ ದಾಟಿಸುವ ವೇಗದ ರೈಲೆಂದು ನಂಬಿ ಹತ್ತಿದ್ದ. ಬ್ರಸೆಲ್ಸ್‌ನ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ಆರು ವರ್ಷದ ಮಗಳು ಲೋಟೆ ಮಲಗಿದ್ದಳು. ಅವನನ್ನು ಬಿಟ್ಟುಹೋದ ಹೆಂಡತಿ ಗ್ರೀಟ್ ಬೆಳಿಗ್ಗೆ ಫೋನ್ ಮಾಡಿದ್ದಳು. “ಸಂಜೆ ಹೊಸ ರಕ್ತ ಏರಿಸ್ತಾರೆ. ಅವಳದ್ದನ್ನ ಔಷಧಿ ಕೊಟ್ಟು ಪೂರ್ತಿ ಸುಟ್ಟುಬಿಟ್ಟಿದಾರೆ ಕಣೋ, ಇನ್ನು ಇದೊಂದೇ ದಾರಿ. ಇವತ್ತಾದ್ರೂ ಅಪ್ಪ ಅನ್ನಿಸ್ಕೋ, ಬಾ.”

ಅವನು ಎದ್ದುಹೋಗಿ ಟಿಕೆಟ್ ನೋಡುವವನ ಕಿವಿಯಲ್ಲಿ ಪೆಟ್ಟಿಗೆಯ ವಿಷಯ ಉಸುರಿದ.

ಗಡಿಯಾಚೆಯ ನಿಲ್ದಾಣದಲ್ಲಿ ಪೊಲೀಸರು ನುಗ್ಗಿದರು. ಅವರಿಗೆ ಫ್ರೆಂಚ್ ಬಿಟ್ಟು ಬೇರೆ ಬಾರದು, ಗಡ್ಡದವನಿಗೆ ಜರ್ಮನ್ ಬಿಟ್ಟು ಬೇರೆ ಬಾರದು. ಎರಡೂ ಬಲ್ಲವನು ಅಲ್ಲಿ ವಿಲ್ಫ್ರೀಡ್ ಒಬ್ಬನೇ.

“ದಮ್ಮಯ್ಯ, ಇವರಿಗೆ ಹೇಳಿ ಸಾರ್!” ಗಡ್ಡದವನು ಅಂಗಲಾಚಿದ. “ಬಿಚ್ಚಬಾರದು ಅನ್ನಿ! ಜೇಬಲ್ಲಿ ನಂಬರಿದೆ, ಒಂದೇ ಒಂದು ಫೋನ್ ಮಾಡಿಸಿ!”

“ಏನಂತೆ ಇವನದು?” ಪೊಲೀಸಿನವನು ವಿಲ್ಫ್ರೀಡನನ್ನು ಕೇಳಿದ.

ಫೋನೆಂದರೆ ವಿಚಾರಣೆ. ವಿಚಾರಣೆಯೆಂದರೆ ರೈಲು ಇಲ್ಲೇ ಗೂಟ ಹೊಡೆದುಕೊಂಡು ಕೂರುತ್ತದೆ. ವಿಲ್ಫ್ರೀಡ್ ಮುಖ ತಿರುಗಿಸಿದ.

“ಬಾಯಿಗೆ ಬಂದಂಗೆ ಬೈತಿದಾನೆ. ಎಳ್ಕೊಂಡು ಹೋಗಿ ಸಾರ್, ರೈಲು ಹೊರಡ್ಲಿ.”

ಗಡ್ಡದವನನ್ನು ಕೆಳಗೆಳೆದು, ಪೆಟ್ಟಿಗೆಯನ್ನು ಪ್ಲಾಟ್‌ಫಾರ್ಮಿನ ತುದಿಗೆ ಒಯ್ದು, ರೈಲನ್ನು ಅವಸರದಲ್ಲಿ ಸಾಗಹಾಕಿದರು. ನಿಲ್ದಾಣ ದಾಟುವಾಗ ಹಿಂದೆ ಢಬ್ಬೆಂದು ಸದ್ದಾಯಿತು. ಅನುಮಾನದ ಸಾಮಾನನ್ನು ಬಾಂಬ್ ದಳದವರು ಹೀಗೇ ಸಿಡಿಸಿಬಿಡುತ್ತಾರೆ.

“ನೂರ್ಕಾಲ ಬಾಳಪ್ಪ,” ಪಕ್ಕದ ಮುದುಕಿ ಅವನ ಕೈ ಹಿಡಿದಳು. “ನಮ್ಮೆಲ್ಲರ ಜೀವ ಉಳಿಸ್ದೆ.”

ಸಂಜೆಗೆ ಮೊದಲೇ ಅವನು ಆಸ್ಪತ್ರೆ ಮುಟ್ಟಿದ. ಗಾಜಿನಾಚೆಯಿಂದ ಲೋಟೆ ಕೈ ಬೀಸಿದಳು. ವಿಲ್ಫ್ರೀಡನ ಕಣ್ಣು ತುಂಬಿಬಂತು. ಗ್ರೀಟ್ ಮಾತ್ರ ಅವನ ಬೆನ್ನ ಹಿಂದಿನ ಬಾಗಿಲನ್ನೇ ನೋಡುತ್ತಿದ್ದಳು.

“ನಿನ್ನ ರೈಲಲ್ಲೇ ಬರ್ಬೇಕಿತ್ತಲ್ಲೋ ಅವನು,” ಎಂದಳು. “ಲೋಟೆಗೆ ಹೊಸ ರಕ್ತ ಹುಟ್ಟಿಸೋ ಮೂಳೆ ಮಜ್ಜೆ ತರೋನು. ನೀಲಿ ಪೆಟ್ಟಿಗೆ ಹಿಡ್ಕೊಂಡಿರ್ತಾನಂತೆ, ನೀನೆಲ್ಲೂ ನೋಡ್ಲಿಲ್ವಾ?”