ನಾಲ್ಕನೆಯ ಹೊದಿಕೆ

ಆ ಬೆಳಿಗ್ಗೆ ಕಲ್ಯಾಣದುರ್ಗದ ಮೇಲೆ ಮಂಜು ಇಳಿದಿತ್ತು. ಹತ್ತು ಮಾರು ಆಚೆಯ ಹುಣಸೆಮರ ಕಾಣುತ್ತಿರಲಿಲ್ಲ. ಸರ್ಕಾರದ ಕಣ್ಣಿಗೂ ಹೀಗೇ ಕವಿಯಲಿ ಎಂದು ಅಮರೇಶಪ್ಪನವರು ಶಿವನನ್ನು ಬೇಡಿಕೊಂಡರು. ಶಿವ ಕರುಣಾಳು, ಬೇಡಿದ್ದನ್ನು ಕೊಡುತ್ತಾನೆ. ಬೇಡುವವನಿಗೆ ಬುದ್ಧಿ ಕೊಡುವುದನ್ನು ಮಾತ್ರ ಒಮ್ಮೊಮ್ಮೆ ತಡಮಾಡುತ್ತಾನೆ.

ಅಮರೇಶಪ್ಪನವರು ಹಿಂದೂಪುರದ ಹುಣಸೆಹಣ್ಣಿನ ವ್ಯಾಪಾರಿ. ಹಿಂದಿನ ದಿನವೆಲ್ಲ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು ಛತ್ರದಲ್ಲಿ ಮಲಗಿದ್ದರು. ಒಡಹುಟ್ಟಿದ ತಂಗಿ ಪಂಪಮ್ಮನ ಮನೆ ಬಸ್ಸು ಇಳಿದ ಜಾಗಕ್ಕೆ ಛತ್ರಕ್ಕಿಂತ ಹತ್ತಿರವಿತ್ತು. ಆದರೆ ತಂಗಿಯ ಮನೆಗೆ ಹೋದರೆ ಮಕ್ಕಳ ಕೈಗೆ ಏನಾದರೂ ಇಡಬೇಕು. ಛತ್ರದಲ್ಲಿ ಆ ತೊಂದರೆ ಇಲ್ಲ.

ಅವರು ಬಂದದ್ದು ಮೋಟಾರು ನೋಡಲು. ಸಾಮಾನ್ಯ ಮೋಟಾರಲ್ಲ, ಮನೆಮೋಟಾರು. ಲಾರಿಯ ಚಕ್ರಗಳ ಮೇಲೆ ತೇಗದ ಕೋಣೆ. ಒಳಗೆ ಸ್ಪ್ರಿಂಗಿನ ಮಂಚ, ಕಪಾಟು, ಕೈ ತೊಳೆಯಲು ಪಿಂಗಾಣಿ ಬೋಗುಣಿ. ತನ್ನ ಸೀಮೆಗೆ ಮರಳಿ ಹೊರಟ ಬಿಳಿಯ ಇಂಜಿನಿಯರೊಬ್ಬ ಮಾರಿ ಹೋಗಿದ್ದ. ಅದರಲ್ಲಿ ಮಲಗಿಕೊಂಡೇ ಶ್ರೀಶೈಲ ಸೇರುವುದು ಅಮರೇಶಪ್ಪನವರ ಭಕ್ತಿಯ ಯೋಜನೆ. ಪಕ್ಕದ ಪರಿಗಿಯವರೆಗೆ ಮಾತ್ರ ಹೋಗಿ ಬಂದರು. ಅಷ್ಟರಲ್ಲಿ ಯುದ್ಧ ಬಂತು, ಪೆಟ್ರೋಲು ಹೋಯಿತು. ದೊಡ್ಡ ಮೋಟಾರುಗಳನ್ನು ದಂಡಿಗೆ ಎಳೆದುಕೊಂಡು ಹೋಗುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಅಮರೇಶಪ್ಪನವರಿಗೆ ಅನ್ನ ಸೇರದಾಯಿತು.

ಕಲ್ಯಾಣದುರ್ಗದ ಊರಾಚೆ, ಪಂಪಮ್ಮನ ಗಂಡನ ಹೊಲದ ಬದುವಿನಲ್ಲಿ ಅದನ್ನು ತಂದು ನಿಲ್ಲಿಸಿದರು. ಧೂಳಿಗೆಂದು ಒಂದು ಬಟ್ಟೆ ಹೊದಿಸಿದರು. ಮಳೆಗೆ ಟಾರ್ಪಾಲು. ಬಿಸಿಲಿಗೆ, ಒಂದಕ್ಕೊಂದು ಹೊಲಿದ ಕುರಿಯುಣ್ಣೆಯ ಕಂಬಳಿಗಳು. ಸರ್ಕಾರಕ್ಕೆ? ಅದಕ್ಕೆ ನಾಲ್ಕನೆಯದು ಬೇಕಿತ್ತು. ಬಾಗಿಲಿಗೆ ಅರಿಶಿನದಲ್ಲಿ ಅದ್ದಿದ ಪರದೆ ಇಳಿಬಿಟ್ಟು, ಸುತ್ತ ಬೇವಿನ ಸೊಪ್ಪು ಕಟ್ಟಿಸಿದರು, ಸಿಡುಬು ಎದ್ದ ಮನೆಗೆ ಕಟ್ಟುವ ಹಾಗೆ. ಅಮ್ಮ ಬಂದ ಮನೆಯ ಹೊಸ್ತಿಲನ್ನು ಎಂಥ ಅಧಿಕಾರಿಯೂ ತುಳಿಯುವುದಿಲ್ಲ. ಕಾವಲಿಗೆ ಹೊಲದ ಕೂಲಿಯಾಳು ನರಸಕ್ಕನನ್ನೇ ಆರಿಸಿದರು. ಚಿಕ್ಕಂದಿನಲ್ಲಿ ಅಮ್ಮ ಬಂದು ಹೋದ ಮುಖ, ತುಂಬ ಕುಳಿ. ನೋಡಿದವರು ಮರುಮಾತಿಲ್ಲದೆ ನಂಬುತ್ತಾರೆ.

ಈಗ ಮೋಟಾರು ಎಣಿಸುವ ಸಾಹೇಬ ಕಲ್ಯಾಣದುರ್ಗಕ್ಕೇ ಬಂದಿದ್ದಾನೆಂದು ತಿಳಿದು ಓಡಿ ಬಂದಿದ್ದರು.

ಹೊಲಕ್ಕೆ ಬಂದು ನೋಡಿದರೆ ಬೇವು ಹಸಿಯಾಗಿತ್ತು, ಆಗಷ್ಟೇ ಮುರಿದು ತಂದಂತೆ. ವಾರಕ್ಕೊಮ್ಮೆ ಬದಲಾಯಿಸು ಎಂದಷ್ಟೇ ಹೇಳಿದ್ದರು. ಮೆಟ್ಟಿಲ ಬಳಿ ಅಂಬಲಿಯ ಕುಡಿಕೆ, ಅದರ ಮೇಲೆ ಮುತ್ತುಗದ ಎಲೆ. ಅಮರೇಶಪ್ಪನವರ ಮುಖ ಅರಳಿತು.

“ಭೇಷ್ ನರಸಕ್ಕ! ನಾಟ್ಕ ಅಂದ್ರೆ ಇದು ಕಣಮ್ಮ. ಅಂಬ್ಲಿ ಬೇರೆ ಇಟ್ಬುಟ್ಟಿದ್ದೀಯ!”

“ನಾಟ್ಕ ಆಡಾಕೆ ನಂಗೆಲ್ಲಿ ಬತ್ತೈತೆ ಸಾವ್ಕಾರ್ರೆ. ಒಂದ್ಮಾತು ಯೋಳ್ಬೇಕಿತ್ತು. ಪಂಪಮ್ಮೋರು...”

“ಅವಳ ಮನೆಗೆ ಆಮ್ಯಾಕೆ ಹೋಯ್ತೀನಿ. ಮೊದ್ಲು ಟೈರು ಹೆಂಗವೆ ಯೋಳು.”

“ಚೆನ್ನಾಗವೆ.”

“ಹೊದ್ಕೆ?”

“ಅದೂ ಚೆನ್ನಾಗೈತೆ. ನೀವು ಕೇಳ್ದೆ ಇರೋದೇ ಚೆನ್ನಾಗಿಲ್ಲ.”

“ಸೀರೆ ತಾನೆ? ಉಗಾದಿಗೆ ಕೊಡಿಸ್ತೀನಿ ಬುಡು!”

ಅಷ್ಟರಲ್ಲಿ ಮಂಜಿನೊಳಗಿಂದ ಗಂಟೆಯ ಸದ್ದು ಬಂತು. ಮೋಟಾರು ಹಿಡಿಯುವ ಸಾಹೇಬ ಬಂದದ್ದು ಸೈಕಲ್ಲಿನಲ್ಲಿ.

“ಲೋಪಲ ಏಮುಂದಯ್ಯಾ?” ಒಳಗೇನಿದೆ ಎಂದು ತೆಲುಗಿನಲ್ಲಿ ಗದರಿಸಿದ.

ಅಮರೇಶಪ್ಪನವರು ಶಲ್ಯದ ಚುಂಗನ್ನು ಕಣ್ಣಿಗೆ ಒತ್ತಿದರು. “ನನ್ನ ತಂಗಿ ಸ್ವಾಮಿ, ಪಂಪಮ್ಮ. ಅಮ್ಮ ಬಂದು ಹದಿನೈದು ದಿನ. ಮನೇಲಿ ಮಕ್ಳವೆ. ಊರಾಚೆ ಇಡ್ಬೇಕಾಯ್ತು. ಒಡಹುಟ್ಟಿದೋನು ನಾನು, ಕೈ ಬುಡಾಕಾಯ್ತದಾ? ಹಗ್ಲೂ ರಾತ್ರಿ ಇಲ್ಲೇ ಕುಂತಿವ್ನಿ.”

ಸಾಹೇಬ ನರಸಕ್ಕನ ಕಡೆ ತಿರುಗಿದ. “ನಿಜವಾ?”

ನರಸಕ್ಕ ಅಮರೇಶಪ್ಪನವರನ್ನು ಒಂದು ಗಳಿಗೆ ನೋಡಿದಳು. “ಅಮ್ಮ ಬಂದಿರೋದು ದಿಟ ಸಾಮಿ. ಹದಿನೈದಲ್ಲ, ಹನ್ನೆಲ್ಡು ದಿನ.”

ಸುಳ್ಳನ್ನೂ ತಿದ್ದಿ ಹೇಳುವ ಅವಳ ಜಾಣ್ಮೆಗೆ ಅಮರೇಶಪ್ಪನವರು ಮನಸ್ಸಿನಲ್ಲೇ ತಲೆದೂಗಿದರು.

ಸಾಹೇಬ ಟೋಪಿ ತೆಗೆದ. ಹತ್ತು ಹೆಜ್ಜೆ ಹಿಂದೆ ಸರಿದ. ಪುಸ್ತಕದಲ್ಲಿ ‘ರೋಗಿಯ ಗುಡಿಸಲು’ ಎಂದು ಬರೆದುಕೊಂಡ. “ಇಂಥ ಅಣ್ಣನನ್ನ ಪಡೆಯೋಕೆ ಆ ತಾಯಿ ಪುಣ್ಯ ಮಾಡಿದ್ದಳು,” ಎಂದು ಕೈಮುಗಿದು ಸೈಕಲ್ಲು ಹತ್ತಿದ. ಅಮರೇಶಪ್ಪನವರು ಆ ಮಾತನ್ನು ವಿನಯದಿಂದ ಸ್ವೀಕರಿಸಿದರು.

ಸೈಕಲ್ಲಿನ ಸದ್ದು ಅಡಗಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಗೆದ್ವಿ ಕಣಮ್ಮ! ಇನ್ನು ಒಳಗೊಂದ್ಸಲ ನೋಡ್ಬೇಕು. ಮಂಚದ ಸ್ಪ್ರಿಂಗು ತುಕ್ಕು ಹಿಡಿದ್ಬುಟ್ರೆ ಕಷ್ಟ. ಬೀಗದ ಕೈ ನನ್ ತಂಗಿ ತಾವ ಐತೆ. ಓಡೋಗಿ ಈಸ್ಕೊಂಡ್ ಬಾ.”

“ಹೋಗೋದು ಬ್ಯಾಡ ಸಾವ್ಕಾರ್ರೆ. ಬೀಗ ಹಾಕಿಲ್ಲ.”

“ಏನಂದೆ?”

“ಒಳೀಕೆ ಹೋಗ್ಬ್ಯಾಡಿ. ಅಮ್ಮ ಅವ್ಳೆ.”

“ಸಾಹೇಬ ಹೋದ. ಸಾಕು ನಿನ್ ನಾಟ್ಕ!” ನಗು ಆರಿಹೋಗಿತ್ತು. ತೇಗ, ಪಿಂಗಾಣಿ, ಸ್ಪ್ರಿಂಗು ಎಲ್ಲ ಕಣ್ಣ ಮುಂದೆ ಸುಳಿದವು. ಬೀಗವಿಲ್ಲದ ಮೋಟಾರು! ಮೆಟ್ಟಿಲು ಹಾರಿ, ಪರದೆಯನ್ನು ಸರ್ರನೆ ಎಳೆದು, ಬಾಗಿಲು ನೂಕಿದರು.

“ಅಣ್ಣಾ, ಪರದೆ ಇಳಿಬುಡು. ಬೆಳಕು ಕಣ್ಗೆ ಚುಚ್ತೈತೆ.”

ಅಮರೇಶಪ್ಪನವರ ಕೈ ಪರದೆಯ ಮೇಲೇ ನಿಂತಿತು.

“ಮಕ್ಳಿಗೆ ತಗಲ್ಬಾರ್ದು ಅಂತ ಇಲ್ಲಿಗೆ ಬಂದ್ಬುಟ್ಟೆ. ನೀ ಆಗ್ಲೇ ಬೇವು ಕಟ್ಟಿಸಿದ್ಯಲ್ಲ. ನಿನ್ ಮಂಚ ಮುಟ್ಟಿಲ್ಲ ಕಣಣ್ಣ, ನೆಲದ್ ಮ್ಯಾಲೇ ಮಲ್ಗಿದೀನಿ.”

ಆಮೇಲೆ ಪಂಪಮ್ಮ, ಅವರು ತನ್ನ ವಶಕ್ಕೆ ಒಪ್ಪಿಸಿದ್ದ ಬೀಗದ ಕೈಯನ್ನು, ತನ್ನ ಬೆರಳು ತಗಲದ ಹಾಗೆ ಒಂದು ಕಡ್ಡಿಯ ತುದಿಯಿಂದ, ಸದ್ದಿಲ್ಲದೆ ಅಣ್ಣನ ಪಾದದವರೆಗೆ ತಳ್ಳಿದಳು.